ಕೆಲಸದ ಜಾಹೀರಾತನ್ನು ಓದುವ ಬಗೆ

ಕನ್ನಡದ ವಿಮರ್ಶಕರು ಕವನ ಓದಿದ್ದಾರೆ, ಕಾದಂಬರಿ ಓದಿದ್ದಾರೆ, ಪ್ರತಿಮೆ, ಸಂಕೇತ, ಧ್ವನಿ ಎಂದು ಪುಟಗಟ್ಟಲೆ ಬರೆದಿದ್ದಾರೆ. ಆದರೆ ನಮ್ಮ ಕೇರಿಯ ಹುಡುಗರು ದಿನ ಬೆಳಗಾದರೆ ಓದುವ ಒಂದು ಬರವಣಿಗೆಯನ್ನು ಅವರು ಮುಟ್ಟಿಲ್ಲ. ಅದು ಕೆಲಸದ ಜಾಹೀರಾತು. ಹಿಂದೆ ಪೇಪರಿನ ಮೂಲೆಯಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಬರುತ್ತೆ, ಕಾರ್ಖಾನೆಯ ಗೇಟಿಗೆ ಅಂಟಿಸಿರುತ್ತೆ. ನಾಲ್ಕೇ ಸಾಲು. ಆ ನಾಲ್ಕು ಸಾಲು ಒಬ್ಬನಿಗೆ ಅನ್ನ ಕೊಡುತ್ತೆ, ಇನ್ನೊಬ್ಬನನ್ನು ಬಾಗಿಲಲ್ಲೇ ನಿಲ್ಲಿಸುತ್ತೆ. ಇಷ್ಟು ಶಕ್ತಿ ಯಾವ ಮಹಾಕಾವ್ಯಕ್ಕಿದೆ?

ಐಟಿಐ, ಡಿಪ್ಲೊಮಾ, ಜೆಓಸಿ ಓದಿದವರನ್ನು ಈ ನಾಲ್ಕು ಸಾಲು ಹೇಗೆ ನೋಡುತ್ತೆ ಅನ್ನುವುದು ಇಲ್ಲಿನ ಪ್ರಶ್ನೆ. ಇವರು ಯಾರ ಮಕ್ಕಳು? ಹೊಲ ಇಲ್ಲದವರ, ಇದ್ದರೂ ಮೂರು ಪಾಲಾದವರ ಮಕ್ಕಳು. 'ಬೇಗ ಒಂದು ಕೆಲಸ ಅಂತ ಆಗಲಿ' ಎಂದು ಅವ್ವ ಓಲೆ ಅಡವಿಟ್ಟು ಸೇರಿಸಿದ ಮಕ್ಕಳು. ಹೊಲೆಮಾದಿಗರ, ಕುರುಬರ, ಬೆಸ್ತರ, ಅಗಸರ, ಮುಸಲ್ಮಾನರ ಮಕ್ಕಳು. ಐಐಟಿಗೂ ಐಟಿಐಗೂ ಇರುವುದು ಅವೇ ಅಕ್ಷರ, ಕೂತ ಜಾಗ ಮಾತ್ರ ಬೇರೆ. ಅಕ್ಷರಕ್ಕೂ ಪಂಕ್ತಿಭೇದ ಮಾಡಿದ ದೇಶ ಇದು.

ಜಾಹೀರಾತಿನ ಐದು ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

1. ಅರ್ಹತೆ

ಮೊದಲು ಬರುವ ಪದ ಇದೇ. ಕೇಳೋಕೆ ಎಷ್ಟು ನ್ಯಾಯವಾಗಿದೆ! ಎದುರಿಗೆ ತಕ್ಕಡಿ ಇಟ್ಟಂತೆ ಇದೆ. ತಕ್ಕಡಿ ಹಿಡಿದ ಕೈ ಯಾರದು ಅಂತಲೂ ನೋಡಬೇಕಲ್ಲ?

ಮೈಸೂರು ಸೀಮೆಯ ಚರಿತ್ರೆಯನ್ನೇ ತಗೊಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹಿಂದೆ ಇದ್ದವರೂ ಅವರೇ. ಅದು 1923ರಲ್ಲಿ ಕೆಲಸ ಶುರು ಮಾಡಿತು. ಕೈಗಾರಿಕೆ ಇಲ್ಲದ ನಾಡಿಗೆ ಉಳಿಗಾಲವಿಲ್ಲ ಎಂದು ನಂಬಿದವರು ಅವರು. ಸರಿ. ಆದರೆ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ದಾರಿ ಹುಡುಕಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ, ಅರ್ಹತೆ ಕೆಡುತ್ತೆ, ಆಡಳಿತದ ದಕ್ಷತೆ ಹಾಳಾಗುತ್ತೆ ಎಂಬ ಕಾರಣಕ್ಕೆ ಇದೇ ದಿವಾನರು ಒಪ್ಪಲಿಲ್ಲ. ದಿವಾನಗಿರಿಯನ್ನೇ ಬಿಟ್ಟರು. ಕಬ್ಬಿಣ ಕರಗಿಸುವ ಕನಸು ಕಂಡವರಿಗೆ ಜಾತಿ ಕರಗಿಸುವ ಮಾತು ಬಂದಾಗ ಅರ್ಹತೆ ನೆನಪಾಯಿತು. ಆ ಹಿರಿಯರ ಕೆಲಸವನ್ನು ಚಿಕ್ಕದು ಮಾಡಲು ಇದನ್ನು ಹೇಳುತ್ತಿಲ್ಲ. ನೂರು ವರ್ಷ ದಾಟಿದರೂ ಆ ಪದ ಅದೇ ಕಾವಲು ಕಾಯ್ತಾ ಇದೆ ಅನ್ನೋದಕ್ಕೆ ಹೇಳುತ್ತಿದ್ದೇನೆ.

ಅರ್ಹತೆ ಅಂದರೆ ಕೈಯ ಕಸುಬು ಅಂತಾದರೂ ಇದ್ದಿದ್ದರೆ ಒಪ್ಪಬಹುದಿತ್ತು. ಮುಂಬೈನ ಬಟ್ಟೆ ಮಿಲ್ಲುಗಳನ್ನು ನೋಡಿ. ಅಲ್ಲಿ ನೇಯುವ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಹೆಚ್ಚು ಕೂಲಿ ಸಿಗುತ್ತಿದ್ದುದೇ ಆ ಖಾತೆಯಲ್ಲಿ. ಕಾರಣ ಏನು ಗೊತ್ತೆ? ನೂಲಿನ ತುದಿಯನ್ನು ಲಾಳಿಯ ತೂತಿನೊಳಗಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗುತ್ತೆ! ಮಗ್ಗ ನಡೆಸೋಕೆ ಬರುತ್ತಾ ಅಂತ ಯಾರೂ ಕೇಳಲಿಲ್ಲ, ನಿನ್ನ ಎಂಜಲು ಯಾವ ಜಾತಿದು ಅಂತ ಕೇಳಿದರು. 1928ರ ದೊಡ್ಡ ಮುಷ್ಕರದ ಕಾಲಕ್ಕೆ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದಿಟ್ಟರು. ಮಾಲೀಕನ ವಿರುದ್ಧ ಒಂದಾಗಿದ್ದ ಕಾರ್ಮಿಕರು ಲಾಳಿಯ ಹತ್ತಿರ ಬೇರೆಯಾಗಿದ್ದರು. ಜಾತಿ ಕೆಲಸವನ್ನಷ್ಟೇ ಹಂಚಲಿಲ್ಲ, ಕೆಲಸಗಾರರನ್ನೇ ಹೋಳು ಮಾಡಿತು ಎಂದು ಅವರು 1936ರಲ್ಲಿ ತರ್ಕ ಹೂಡಿದ್ದು ಬರೀ ಪುಸ್ತಕ ಓದಿ ಅಲ್ಲ.

2. ತತ್ಸಮಾನ

'ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ.' ಈ ಸಾಲನ್ನು ಕಾಣದ ನಿರುದ್ಯೋಗಿ ಕರ್ನಾಟಕದಲ್ಲಿಲ್ಲ. ತತ್ಸಮಾನ ಅಂದರೆ ಅದಕ್ಕೆ ಸಮ. ಸಮ ಅಂತ ಹೇಳುವವರು ಯಾರು? ಸಮ ಅಂತ ಚೀಟಿ ತರಬೇಕಾದವನು ಯಾರು? ಪಿಯುಸಿ ಓದಿದವನಿಗೆ 'ನೀನು ಫಿಟ್ಟರ್‌ಗೆ ಸಮ ಅಂತ ಚೀಟಿ ತಾ' ಎಂದು ಯಾವ ಕಚೇರಿಯೂ ಹೇಳಿಲ್ಲ.

ಹತ್ತನೇ ಕ್ಲಾಸಾದ ಮೇಲೆ ಕಸುಬು ಕಲಿಸುವ ದಾರಿ ತೆರೆಯಿರಿ ಅಂತ ಸರ್ಕಾರಗಳೇ ಹೇಳುತ್ತಾ ಬಂದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ 1995ರ ಹೊತ್ತಿಗೆ ಹೈಯರ್ ಸೆಕೆಂಡರಿ ಹಂತದ ನೂರಕ್ಕೆ 25 ಮಕ್ಕಳನ್ನು ವೃತ್ತಿ ಶಿಕ್ಷಣಕ್ಕೆ ತರುತ್ತೇವೆ ಅಂತ ಗುರಿ ಹಾಕಿಕೊಂಡಿತು. ನಮ್ಮಲ್ಲಿ ಜೆಓಸಿ ಅಂದರೆ ಉದ್ಯೋಗಾಧಾರಿತ ಕೋರ್ಸು. ಹೆಸರಲ್ಲೇ ಉದ್ಯೋಗ ಇತ್ತು. ಓದಿ ಹೊರಗೆ ಬಂದವರು ಮಾತ್ರ 'ಇದು ಪಿಯುಸಿಗೆ ಸಮವೋ ಅಲ್ಲವೋ' ಅಂತ ಕಚೇರಿಯಿಂದ ಕಚೇರಿಗೆ ಅಲೆದರು. ಈಗ ಆ ಕೋರ್ಸೇ ಮುಚ್ಚಿದೆ, ಪ್ರಮಾಣಪತ್ರ ಹಿಡಿದವರು ಉಳಿದಿದ್ದಾರೆ. ಈಚಿನ ಕೆಲವು ನೇಮಕಾತಿ ಪ್ರಕಟಣೆಗಳಲ್ಲಿ ಎರಡು ವರ್ಷದ ಐಟಿಐ, ಮೂರು ವರ್ಷದ ಡಿಪ್ಲೊಮಾ ಅಂತ ಹೆಸರು ಹಿಡಿದು ಸೇರಿಸಿದ್ದಾರೆ. ಅದು ಯಾರೋ ಕರುಣೆಯಿಂದ ಕೊಟ್ಟಿದ್ದಲ್ಲ. ಅರ್ಜಿ ಹಾಕಿ, ತಿರಸ್ಕಾರ ಆಗಿ, ಮತ್ತೆ ಹಾಕಿದವರ ಚಪ್ಪಲಿ ಸವೆದು ಬಂದದ್ದು.

ಒಳಗೆ ಹೋದ ಮೇಲೂ ಮೆಟ್ಟಿಲು ಇದೆ. ಡಿಪ್ಲೊಮಾದವನು ಜೂನಿಯರ್ ಎಂಜಿನಿಯರ್, ಡಿಗ್ರಿಯವನು ಅಸಿಸ್ಟೆಂಟ್ ಎಂಜಿನಿಯರ್. ಇಬ್ಬರೂ ಒಂದೇ ಸೇತುವೆಯ ಕೆಳಗೆ ಒಂದೇ ಬಿಸಿಲಲ್ಲಿ ನಿಂತಿರುತ್ತಾರೆ. ಓದಿನ ವರ್ಷಕ್ಕೆ ತಕ್ಕ ವ್ಯತ್ಯಾಸ ಇರಲಿ, ಯಾರೂ ಬೇಡ ಅನ್ನಲ್ಲ. ಆದರೆ ಹತ್ತು ಹದಿನೈದು ವರ್ಷ ಮಣ್ಣು, ಕಾಂಕ್ರೀಟು, ನೀರು ಕಂಡ ಅನುಭವ ಯಾವತ್ತೂ ಕಾಗದಕ್ಕೆ ಸಮವಾಗುವುದಿಲ್ಲ ಅಂದರೆ ಅದು ಓದಿನ ಗೌರವ ಅಲ್ಲ, ಕೈಗೆ ಮಾಡಿದ ಅವಮಾನ.

3. ಟ್ರೇನಿ

ಐದು ಪದಗಳಲ್ಲಿ ಅತಿ ಹೆಚ್ಚು ರಕ್ತ ಹೀರಿದ್ದು ಇದು.

1961ರ ಅಪ್ರೆಂಟಿಸ್ ಕಾಯಿದೆಯ 18ನೇ ಕಲಂ ಓದಿ. ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಕಾರ್ಮಿಕರ ಕಾನೂನು ಅವನಿಗೆ ಅನ್ವಯಿಸುವುದಿಲ್ಲ. 22ನೇ ಕಲಂ: ತರಬೇತಿ ಮುಗಿದ ಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ಹೊಣೆ ಮಾಲೀಕನಿಗಿಲ್ಲ. 2014ರ ತಿದ್ದುಪಡಿ ಬಂದು, ತರಬೇತಿ ಕೊಟ್ಟವರನ್ನು ಸೇರಿಸಿಕೊಳ್ಳುವ ನೀತಿಯನ್ನು ಆಯಾ ಮಾಲೀಕನೇ ಮಾಡಿಕೊಳ್ಳಲಿ ಅಂತು. ಕುರಿ ಸಾಕುವ ನೀತಿಯನ್ನು ತೋಳವೇ ಬರೆಯಲಿ ಅಂದ ಹಾಗೆ. ಅದಕ್ಕೆ ಮುಂಚೆ 1995ರಲ್ಲಿ, ಉತ್ತರ ಪ್ರದೇಶದ ಸಾರಿಗೆ ನಿಗಮದ ಅಪ್ರೆಂಟಿಸ್‌ಗಳ ಪ್ರಕರಣದಲ್ಲಿ, ಉಳಿದದ್ದೆಲ್ಲ ಸಮವಾಗಿದ್ದರೆ ತರಬೇತಿ ಪಡೆದವನಿಗೆ ಆದ್ಯತೆ ಕೊಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಉಳಿದದ್ದೆಲ್ಲ ಸಮವಾಗಿರುವ ದೇಶ ಎಲ್ಲಿದೆ ಅಂತ ಮಾತ್ರ ಹೇಳಲಿಲ್ಲ.

ದುಡ್ಡಿನ ಲೆಕ್ಕ ನೋಡಿ. 2019ರ ನಿಯಮಗಳಂತೆ ಅಪ್ರೆಂಟಿಸ್ ಆದ ಐಟಿಐ ಹುಡುಗನಿಗೆ ತಿಂಗಳಿಗೆ ಕನಿಷ್ಠ 7,700 ರೂಪಾಯಿ, ಡಿಪ್ಲೊಮಾದವನಿಗೆ 8,000, ಪದವೀಧರನಿಗೆ 9,000. ಇದಕ್ಕೆ ಸಂಬಳ ಅನ್ನಬಾರದು, ಸ್ಟೈಪೆಂಡ್ ಅನ್ನಬೇಕು. ಊರು ಬಿಟ್ಟು ಬಂದು, ಒಂದು ರೂಮಿನಲ್ಲಿ ಆರು ಜನ ಮಲಗಿ, ಮೂರು ಶಿಫ್ಟು ದುಡಿಯುವವನ ಹೊಟ್ಟೆಗೆ ಸಂಬಳಕ್ಕೂ ಸ್ಟೈಪೆಂಡಿಗೂ ವ್ಯತ್ಯಾಸ ಗೊತ್ತಾಗುತ್ತಾ? 2013ರಲ್ಲಿ 'ನೀಮ್' ಅಂತ ಇನ್ನೊಂದು ಯೋಜನೆ ಬಂತು. ಕೌಶಲ್ಯ ಕಲಿಸುವುದು ಅದರ ಹೆಸರು. ಕೊಡಬೇಕಾದ ದುಡ್ಡು ಕೌಶಲ್ಯವಿಲ್ಲದ ಕೂಲಿಯ ಕನಿಷ್ಠ ವೇತನದಷ್ಟು. ನಂತರ ಅದನ್ನು ನಿಲ್ಲಿಸಿದರು. ಅಷ್ಟು ಹೊತ್ತಿಗೆ ಎಷ್ಟೋ ಅಸೆಂಬ್ಲಿ ಲೈನುಗಳು ಅಂಥ ಹುಡುಗರ ಬೆವರಿನಲ್ಲಿ ಓಡಿದ್ದವು.

ನನ್ನ ಓರಗೆಯ ಒಬ್ಬ ಹುಡುಗ, ಟರ್ನರ್ ಟ್ರೇಡ್ ಮಾಡಿದವನು, ಹೇಳಿದ ಮಾತು ಇದು: "ಮೂರ್ ಕಂಪ್ನಿ ಕಂಡೆ ಕಣಣ್ಣ. ಮೂರರಲ್ಲೂ ನಾನು ಟ್ರೇನಿನೇ. ಆರ್ ವರ್ಸ ಆದ್ರೂ ನಂದು ಕಲಿಯಾದು ಮುಗ್ದಿಲ್ವಂತೆ. ಹೊಸ್ದಾಗಿ ಬಂದ ಹುಡುಗ್ರಿಗೆ ಮಿಷಿನ್ ಕಲ್ಸೋನೂ ನಾನೇಯ." ಅವನು ಕಲಿಸುವಾಗ ಮೇಷ್ಟ್ರು, ಸಂಬಳ ಕೇಳುವಾಗ ಶಿಷ್ಯ. ಏಕಲವ್ಯನ ಹೆಬ್ಬೆರಳು ಕೇಳಿದ ಗುರು ಒಮ್ಮೆ ಕೇಳಿ ಸುಮ್ಮನಾದ. ಈಗಿನ ಗುರುಗಳು ವರ್ಷ ವರ್ಷ ಕೇಳುತ್ತಾರೆ.

ತಾಳ್ಮೆ ಕಟ್ಟೆ ಒಡೆದರೆ ಏನಾಗುತ್ತೆ ಅಂತ 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಂಡೆವು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ. ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದ ಓದಿದ ಮಕ್ಕಳು. ಎಂಜಿನಿಯರಿಂಗ್ ಆದವರಿಗೆ 21,000 ಅಂದು ಕರೆದು 16,000 ಕೊಟ್ಟರು, ಆಮೇಲೆ 12,000ಕ್ಕೆ ಇಳಿಸಿದರು, ಬೇರೆಯವರದು 8,000ಕ್ಕೆ ಬಂತು ಎಂಬ ದೂರುಗಳು ಆಗ ಹೊರಬಿದ್ದವು. ಮರುದಿನದ ಪೇಪರುಗಳಲ್ಲಿ 'ದಾಂಧಲೆ' ಎಂಬ ಪದ ದಪ್ಪ ಅಕ್ಷರದಲ್ಲಿತ್ತು, 'ಸಂಬಳ' ಎಂಬ ಪದ ಸಣ್ಣ ಅಕ್ಷರದಲ್ಲಿತ್ತು. ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದುಕೊಂಡು ಹೋದರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿಲ್ಲ ಎಂದು ಕಂಪನಿಯೇ ಒಪ್ಪಿ, ಕ್ಷಮೆ ಕೇಳಿ, ಒಬ್ಬ ಮೇಲಧಿಕಾರಿಯನ್ನು ಕಿತ್ತುಹಾಕಿತು. ಗಾಜು ಒಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಗಾಜಿಗಿಂತ ಮುಂಚೆ ಮಾತು ಒಡೆದಿತ್ತು, ಅದನ್ನು ಒಡೆದವರ ಮೇಲೆ ಯಾವ ಲಾಠಿಯೂ ಬೀಳಲಿಲ್ಲ ಅಂತ ಹೇಳುತ್ತಿದ್ದೇನೆ.

4. ಬ್ಯಾಕ್‌ಗ್ರೌಂಡು

ಈ ಪದ ಜಾಹೀರಾತಿನಲ್ಲಿ ಇರಲ್ಲ, ಇಂಟರ್‌ವ್ಯೂನಲ್ಲಿ ಇರುತ್ತೆ. 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಏನಪ್ಪಾ? ತಂದೆ ಏನು ಮಾಡ್ತಾರೆ? ಊರಲ್ಲಿ ಮನೆ ಯಾವ ಕಡೆ?' ಜಾತಿ ಕೇಳಿದರೆ ಕಾನೂನು ಅಡ್ಡ ಬರುತ್ತೆ. ಬೀದಿ ಕೇಳಿದರೆ ಬರಲ್ಲ.

ಇದು ಕೀಳರಿಮೆಯವರ ಕಲ್ಪನೆ ಅನ್ನುವವರಿದ್ದಾರೆ. ಅವರಿಗೆ ಎರಡು ಅಧ್ಯಯನಗಳ ಲೆಕ್ಕ ಕೊಡೋಣ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು ಪೇಪರಿನಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಥರದ ಓದು ಇರುವ ಅರ್ಜಿಗಳನ್ನು ಕಳಿಸಿದರು. ಹೆಸರು ಮಾತ್ರ ಬೇರೆ ಬೇರೆ. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಂಟರ್‌ವ್ಯೂಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿಗೆ 1 ಆದರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಮುಖ ಕಂಡಿಲ್ಲ, ಮಾತು ಕೇಳಿಲ್ಲ, ಬರೀ ಹೆಸರು ಓದಿದ್ದಾರೆ. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಅವರು ದೊಡ್ಡ ಕಂಪನಿಗಳಲ್ಲಿ ಕೆಲಸಕ್ಕೆ ಆರಿಸುವ ಅಧಿಕಾರಿಗಳನ್ನು ಮಾತಾಡಿಸಿ ಬರೆದರು. ಪ್ರತಿಭೆಯೊಂದೇ ಮುಖ್ಯ ಅಂದ ಬಾಯಲ್ಲೇ ಕುಟುಂಬದ ಹಿನ್ನೆಲೆ ಕೇಳುತ್ತೇವೆ ಎಂಬ ಮಾತೂ ಬಂತು. ಥೋರಟ್ ಅವರ ಅಧ್ಯಯನದ ಅರ್ಜಿಗಳು ಪದವೀಧರರವು. ಡಿಗ್ರಿಯ ಕೊಡೆ ಹಿಡಿದವರೇ ನೆನೆದರೆ, ಐಟಿಐ ಸರ್ಟಿಫಿಕೇಟನ್ನು ತಲೆ ಮೇಲಿಟ್ಟುಕೊಂಡವರ ಗತಿ ಏನು?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಬಾಗಿಲು ಇನ್ನೂ ಕಿರಿದು. ಸುಧಾ ಮೂರ್ತಿಯವರು 1974ರಲ್ಲಿ 'ಹೆಂಗಸರು ಅರ್ಜಿ ಹಾಕಬೇಕಿಲ್ಲ' ಎಂಬ ಟೆಲ್ಕೊ ಜಾಹೀರಾತು ನೋಡಿ ಸಿಟ್ಟಾಗಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡು ಬರೆದ ಕತೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಬರೆದದ್ದು ಒಳ್ಳೆಯದೇ, ಅದರಿಂದ ಒಂದು ಬಾಗಿಲು ತೆರೆಯಿತು. ಆದರೆ ಆ ಕಾರ್ಡು ಹೋದದ್ದು ಟಾಟಾ ಇನ್‌ಸ್ಟಿಟ್ಯೂಟಿನ ಹಾಸ್ಟೆಲಿನಿಂದ. ತಾಲ್ಲೂಕು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದಿದ ನಮ್ಮ ಕೇರಿಯ ಹುಡುಗಿ ಬರೆದ ಕಾರ್ಡನ್ನು ಯಾರು ಓದುತ್ತಾರೆ? 'ನಿಂಗ್ಯಾಕಮ್ಮ ಕಂಬ ಹತ್ತೋ ಕೆಲಸ, ಟೈಲರಿಂಗ್ ತಗೋಬಾರ್ದಿತ್ತಾ' ಅನ್ನುವ ಜವಾಬು ಅವಳಿಗೆ ಅರ್ಜಿ ಹಾಕುವ ಮುಂಚೆಯೇ ಸಿಕ್ಕಿರುತ್ತೆ.

5. ಕೌಶಲ್ಯ

ಈಗಿನ ಸರ್ಕಾರಗಳಿಗೆ ಬಹಳ ಇಷ್ಟವಾದ ಪದ ಇದು. 'ಕೆಲಸ ಇದೆ, ಕೌಶಲ್ಯ ಇರುವ ಜನ ಇಲ್ಲ' ಅಂತ ಉದ್ಯಮಿಗಳು ಹೇಳುತ್ತಾರೆ. 2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಾಗ ಎದ್ದ ಕೂಗು ಇದೇ. ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿದರು. ಮಸೂದೆಯಲ್ಲಿ ದೋಷ ಇರಬಹುದು, ಅದು ಬೇರೆ ಚರ್ಚೆ. ಆದರೆ ಕೌಶಲ್ಯ ಇಲ್ಲ ಅಂದವರು ಕೌಶಲ್ಯ ಅಂದರೆ ಏನು ಅಂತ ಹೇಳಬೇಕಲ್ಲ?

ಫಿಟ್ಟರ್ ಹುಡುಗ ಅರ ಹಿಡಿದು ಕಬ್ಬಿಣದ ತುಂಡನ್ನು ಉಜ್ಜಿ, ವರ್ನಿಯರ್ ಇಟ್ಟು, ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಹೆಚ್ಚುಕಮ್ಮಿ ಆಯಿತೋ ಅಂತ ನೋಡುತ್ತಾನೆ. ತಲೆಗೂದಲಿಗಿಂತ ತೆಳು ಅದು. ಇದು ಕಣ್ಣು, ಕೈ, ಗಣಿತ ಮೂರೂ ಕೂಡಿದ ವಿದ್ಯೆ. ಅವನಿಗೆ ಇಲ್ಲದಿರುವುದು ಸಲೀಸಾದ ಇಂಗ್ಲಿಷು, ಗೊತ್ತಿರುವವರ ಫೋನು, ಇಸ್ತ್ರಿ ಮಾಡಿದ ಭರವಸೆ. ಇವನ್ನೇ 'ಸಾಫ್ಟ್ ಸ್ಕಿಲ್' ಅಂತ ಕರೆದು ಅಂಕ ಹಾಕುತ್ತಾರೆ. ನಯವಾದದ್ದು ಅವರ ಕೌಶಲ್ಯ, ಗಡುಸಾದದ್ದು ನಮ್ಮ ಕೆಲಸ.

ಇನ್ನೊಂದು ಅಪಾಯ ಇದೆ. ಕಸುಬನ್ನು ಹೊಗಳುತ್ತಲೇ ಅದನ್ನು ಕುಲಕ್ಕೆ ಕಟ್ಟಿಹಾಕುವುದು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿಯವರು ಮಕ್ಕಳು ಅರ್ಧ ದಿನ ಶಾಲೆ ಓದಿ ಉಳಿದರ್ಧ ದಿನ ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಪೆರಿಯಾರ್ ಅದನ್ನು ಕುಲಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಯೋಜನೆ ರದ್ದು ಮಾಡಿದರು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 18 ಕಸುಬುಗಳಿಗೆ ಪಿಎಂ ವಿಶ್ವಕರ್ಮ ಯೋಜನೆ ತಂದಾಗ, ಕುಟುಂಬದ ಕಸುಬು ಎಂಬ ಷರತ್ತು ತೆಗೆಯಿರಿ ಎಂದು ತಮಿಳುನಾಡು ಕೇಳಿತು. 2024ರಲ್ಲಿ, ಇರುವ ರೂಪದಲ್ಲಿ ಜಾರಿ ಮಾಡುವುದಿಲ್ಲ ಎಂದಿತು. ಸಾಲ ಸಲಕರಣೆ ಸಿಕ್ಕಿದವನು ತಗೊಳ್ಳಲಿ. ಆದರೆ ಚಪ್ಪಲಿ ಹೊಲಿಯುವವನ ಮಗನಿಗೆ ಚಪ್ಪಲಿ ಹೊಲಿಯೋಕೆ ಗೌರವ ಕೊಡುವುದು ಬೇರೆ, ಅವನು ಲೇತ್ ಮುಂದೆ ನಿಲ್ಲೋಕೆ ಬಂದಾಗ ಜಾಗ ಬಿಡುವುದು ಬೇರೆ. ಮೊದಲನೆಯದು ಸುಲಭ, ಸನ್ಮಾನ ಮಾಡಿದರೆ ಸಾಕು. ಎರಡನೆಯದಕ್ಕೆ ಸಂಬಳ ಕೊಡಬೇಕು.

ಅಂಬೇಡ್ಕರ್ ಇದನ್ನು ಸರಿಯಾಗಿ ಕಂಡಿದ್ದರು. 1942ರಲ್ಲಿ ವೈಸ್‌ರಾಯ್‌ಗೆ ಕೊಟ್ಟ ಮನವಿಯಲ್ಲಿ ಅವರು ಪರಿಶಿಷ್ಟ ಜಾತಿಯ ಮಕ್ಕಳ ವಿಜ್ಞಾನ ಮತ್ತು ತಂತ್ರವಿದ್ಯೆಯ ಓದಿಗೆ ಹಣ ಕೇಳಿದರು. ಸರ್ಕಾರಿ ಮುದ್ರಣಾಲಯ, ರೈಲ್ವೆ ವರ್ಕ್‌ಶಾಪುಗಳಲ್ಲಿ ಅಪ್ರೆಂಟಿಸ್ ಜಾಗ ಕೇಳಿದರು. ಹಳೆ ಕಸುಬಿಗೆ ಹೊಗಳಿಕೆ ಕೇಳಲಿಲ್ಲ, ಹೊಸ ಯಂತ್ರದ ಮುಂದೆ ನಿಲ್ಲುವ ಹಕ್ಕು ಕೇಳಿದರು.

6. ನಮ್ಮ ಸಾಹಿತ್ಯಕ್ಕೆ ಒಂದು ಪ್ರಶ್ನೆ

ನವ್ಯದ ನಾಯಕ ಬಿ.ಎ. ಓದಿದ, ಇಂಗ್ಲಿಷು ಬಲ್ಲ, ಕಾಫಿ ಕುಡಿಯುತ್ತಾ ಬೇಸರಪಟ್ಟ. ಅವನ ನಿರುದ್ಯೋಗವೂ ತತ್ವಶಾಸ್ತ್ರವಾಯಿತು. ದಲಿತ ಬಂಡಾಯ ಸಾಹಿತ್ಯ ಆ ಕೋಣೆಯ ಬಾಗಿಲು ಒದ್ದು ಜೀತದಾಳನ್ನು, ಕೂಲಿಯನ್ನು, ಹಟ್ಟಿಯ ಅವ್ವನನ್ನು ಒಳಗೆ ತಂದಿತು. ಅದು ಕನ್ನಡಕ್ಕೆ ಆದ ದೊಡ್ಡ ಲಾಭ. ಆದರೆ ಜೀತದಾಳಿನ ಮೊಮ್ಮಗ ಈಗ ಪೀಣ್ಯದಲ್ಲಿ, ಬಿಡದಿಯಲ್ಲಿ, ಹೊಸೂರಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾನೆ. ನಮ್ಮ ಕವನಗಳಲ್ಲಿ ರಟ್ಟೆ ಇದೆ, ಬೆವರು ಇದೆ, ನೇಗಿಲು ಇದೆ; ವರ್ನಿಯರ್ ಎಲ್ಲಿ? ವೆಲ್ಡಿಂಗ್ ಕಿಡಿಗೆ ಉರಿಯುವ ಕಣ್ಣು ಎಲ್ಲಿ? ಗುತ್ತಿಗೆ ಏಜೆಂಟು ಎಲ್ಲಿ? ಹನ್ನೆರಡನೇ ಶತಮಾನದ ಶರಣರು ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಅಂತ ಕೆಲಸವನ್ನು ಹೆಸರಿಗೇ ಕಟ್ಟಿಕೊಂಡು ತಲೆ ಎತ್ತಿ ನಿಂತರು. ಈವತ್ತಿನ ಹುಡುಗ ಹೆಣ್ಣು ನೋಡೋಕೆ ಹೋದಾಗ 'ಕಂಪನಿಯಲ್ಲಿದ್ದೀನಿ' ಅಂತಾನೆ, ಯಾವ ಕೆಲಸ ಅಂತ ಹೇಳಲ್ಲ. ಈ ನಾಚಿಕೆಯನ್ನು ಅವನಿಗೆ ಕೊಟ್ಟವರು ಯಾರು ಅಂತ ಬರೆಯುವುದು ಕವಿಯ ಕೆಲಸವಲ್ಲವೆ?

ಹಳ್ಳಿಯ ಮೇಷ್ಟ್ರುಗಳಿಗೆ, ಗೆಳೆಯರಿಗೆ ಕೆಲವು ಮಾತು. ಕಾಯಿದೆಯ ಪುಸ್ತಕವನ್ನು ವಕೀಲರಿಗೆ ಬಿಟ್ಟುಕೊಡಬೇಡಿ. ಅಪ್ರೆಂಟಿಸ್ ಆಗಿ ಹೋಗುವ ಪ್ರತಿ ಹುಡುಗ ಹುಡುಗಿಗೂ ಲಿಖಿತ ಒಪ್ಪಂದ ಇರಬೇಕು ಎಂದು 4ನೇ ಕಲಂ ಹೇಳುತ್ತೆ; ಅದರ ಪ್ರತಿ ಕೇಳಿ ತರೋಕೆ ಹೇಳಿ. ಪರಿಶಿಷ್ಟ ಜಾತಿ, ಪಂಗಡಗಳಿಗೆ ತರಬೇತಿ ಜಾಗಗಳಲ್ಲಿ ಮೀಸಲಾತಿ ಇದೆ ಎಂದು 3ಎ ಕಲಂ ಹೇಳುತ್ತೆ. ನಿಮ್ಮ ತಾಲ್ಲೂಕಿನ ಕಾರ್ಖಾನೆಯಲ್ಲಿ ಅದು ಪಾಲನೆ ಆಗಿದೆಯೇ ಅಂತ ಕೇಳಿ. ಕೆಲಸದಲ್ಲಿ ಬೆರಳು ಹೋದರೆ ಪರಿಹಾರ ಮಾಲೀಕನ ಹೊಣೆ ಎಂದು 16ನೇ ಕಲಂ ಹೇಳುತ್ತೆ. ಆಸ್ಪತ್ರೆಯಿಂದ ಸುಮ್ಮನೆ ಊರಿಗೆ ಕಳಿಸಿದರೆ ಸುಮ್ಮನಿರಬೇಡಿ. ಸಂಘಟನೆಗಳು ಇಡಬೇಕಾದ ಬೇಡಿಕೆಗಳೂ ಸ್ಪಷ್ಟ ಇವೆ. ಯಂತ್ರದ ಮುಂದೆ ನಿಂತು ಉತ್ಪಾದನೆ ಮಾಡಿದವನಿಗೆ ಕಾರ್ಮಿಕನ ಕೂಲಿ ಕೊಡಬೇಕು. ಟ್ರೇನಿಯಾಗಿ ದುಡಿದ ವರ್ಷಗಳು ಸೇವೆಯ ಲೆಕ್ಕಕ್ಕೆ ಬರಬೇಕು. ತತ್ಸಮಾನದ ಪ್ರಶ್ನೆಯನ್ನು ಎಲ್ಲ ಇಲಾಖೆಗೂ ಒಂದೇ ಆದೇಶದಲ್ಲಿ ಬಗೆಹರಿಸಬೇಕು. ಖಾಸಗಿ ಮತ್ತು ಗುತ್ತಿಗೆ ಕೆಲಸಗಳಿಗೂ ಮೀಸಲಾತಿ ಬರಬೇಕು.

ಮುಂದಿನ ಸಲ ಗೇಟಿನ ಮೇಲೆ ಜಾಹೀರಾತು ಕಂಡಾಗ ಹುಡುಗರಿಗೆ ಅದನ್ನು ಬರೀ ಓದಿ ಹೇಳಬೇಡಿ. ಅಲ್ಲೇ ನಿಂತು ಒಂದೊಂದು ಪದದ ಅರ್ಥ ಬಿಡಿಸಿ. ಅವರಿಗೆ ಅರ್ಜಿ ಬರೆಯುವುದನ್ನು ಎಲ್ಲರೂ ಕಲಿಸಿದ್ದಾರೆ, ಜಾಹೀರಾತು ಬರೆದವನನ್ನು ಪ್ರಶ್ನೆ ಕೇಳುವುದನ್ನು ಯಾರೂ ಕಲಿಸಿಲ್ಲ.